ಮಾಡಿ ತೋರಿಸಿದ ಹಾರಾಟ

ಇವರು ತೀರಿಕೊಂಡು ಎಂಟು ತಿಂಗಳಾಯಿತು. ಇವತ್ತು ಬೆಳಗಿನವರೆಗೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯವನ್ನು ಬರೆಯುತ್ತಿದ್ದೇನೆ.

ನನ್ನ ಗಂಡ ಹುಡುಗನಾಗಿದ್ದಾಗ ಗುರುಗಳ ಮನೆಯಲ್ಲೇ ಇದ್ದು ಯಕ್ಷಗಾನ ಕಲಿತವರು. ಅಬುಧಾಬಿಗೆ ಬಂದದ್ದು ಕಚೇರಿ ಕೆಲಸಕ್ಕೆ. ರಜೆಯ ದಿನ ದುಬೈಗೆ ಹೋಗಿ, ಕರಾಮದ ಒಂದು ಫ್ಲಾಟಿನ ಹಾಲಿನಲ್ಲಿ ಸೋಫಾವನ್ನು ಗೋಡೆಗೆ ಒತ್ತಿ ಅದನ್ನೇ ಕಲಿಸುತ್ತಿದ್ದರು. ವರ್ಷಕ್ಕೊಂದು ಪ್ರಸಂಗ ಆಡಿಸುತ್ತಿದ್ದರು. ಅದನ್ನು ನೋಡಿ ಮೆಚ್ಚಿದ ನಿರ್ಮಾಪಕರೊಬ್ಬರು, ತಮ್ಮ ಸೂಪರ್‌ಹೀರೋ ಸಿನಿಮಾಕ್ಕೆ ಇವರೇ ನಿರ್ದೇಶಕರಾಗಬೇಕೆಂದು ಹಟ ಹಿಡಿದರು.

ಮಗಳಿಗೆ ನಗು. "ಸೂಪರ್‌ಹೀರೋಗೆ ಗೆಜ್ಜೆ ಕಟ್ತೀರಾ ಪಪ್ಪ?"

"ಕಟ್ಟಿದರೆ ಎಂತ ತಪ್ಪು? ಬರುವ ಶಬ್ದ ಕೇಳಿಯೇ ಕಳ್ಳರು ಓಡ್ತಾರೆ. ಹೊಡೆದಾಟದ ಖರ್ಚು ಉಳೀತದೆ."

ಶೂಟಿಂಗಿಗೆ ಮೂರು ವಾರ ಇರುವಾಗ ಇವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಖಾಲಿದಿಯಾದಲ್ಲಿ ನಮ್ಮ ಮನೆಯ ಹತ್ತಿರವೇ ಇದ್ದ ಕ್ಲಿನಿಕ್ಕಿಗೆ ಹೋದೆವು. ಹೃದಯ ಬಹಳ ದುರ್ಬಲವಾಗಿದೆ, ಓಡುವುದು, ಕುಣಿಯುವುದು, ಭಾರ ಎತ್ತುವುದು ಯಾವುದೂ ಕೂಡದು ಎಂದರು ಡಾಕ್ಟರು. ಲಿಫ್ಟಿನಲ್ಲಿ ಇವರು ಡಾಕ್ಟರು ಕೊಟ್ಟ ಕಾಗದವನ್ನು ಸಣ್ಣಗೆ ಮಡಚಿ ಜೇಬಿಗೆ ಹಾಕಿಕೊಂಡರು.

"ಮಗಳಿಗೆ ಹೇಳುವುದು ಬೇಡ ಮಾರಾಯ್ತಿ. ಅವಳಿಗೆ ಹೇಳಿದರೆ ಸಿನಿಮಾದವರಿಗೂ ಹೇಳಿದ ಹಾಗೆಯೇ. ನಾನು ಕುರ್ಚಿಯಿಂದ ಏಳುವುದಿಲ್ಲ."

ಸಿನಿಮಾದಲ್ಲಿ ನಿರ್ದೇಶಕರು ಟಿವಿ ಮುಂದೆ ಕೂತೇ ಕೆಲಸ ಮಾಡುತ್ತಾರಂತೆ. ನಾನು ನಂಬಿದೆ. ನಂಬಿದರೂ ಮಾತ್ರೆ, ಬಿಸಿನೀರಿನ ಫ್ಲಾಸ್ಕು ಹಿಡಿದು ದಿನವೂ ಜೊತೆಗೆ ಹೋದೆ. ಇವರು ಕೆಮ್ಮಿದರೆ ಹೆದರುತ್ತಿದ್ದೆ. ಸುಮ್ಮನೆ ಕೂತಿದ್ದರೆ ಇನ್ನೂ ಹೆದರಿಕೆ. ಉಸಿರಾಡುತ್ತಿದ್ದಾರೋ ಎಂದು ಅಂಗಿಯ ಬೆನ್ನನ್ನೇ ನೋಡುತ್ತಿದ್ದೆ.

ಮುಸಫಾದ ಒಂದು ಗೋದಾಮಿನಲ್ಲಿ ಹಾರುವ ದೃಶ್ಯ ನಡೆಯುತ್ತಿತ್ತು. ನಾಯಕ ನಟನ ಸೊಂಟಕ್ಕೆ ಬೆಲ್ಟು ಕಟ್ಟಿ ತಂತಿಯಲ್ಲಿ ಮೇಲಕ್ಕೆಳೆಯುತ್ತಿದ್ದರು. ಗಟ್ಟಿಮುಟ್ಟಾದ ಹುಡುಗ, ಆದರೆ ಇಳಿಯುವಾಗ ಅಕ್ಕಿಮೂಟೆ ಬಿದ್ದಂತೆ ಬೀಳುತ್ತಿದ್ದ. ಇವರು ಕುರ್ಚಿಯಿಂದಲೇ ನಾಲ್ಕು ಸಲ ವಿವರಿಸಿದರು. ಅವನಿಗೆ ತಿಳಿಯಲಿಲ್ಲ. ಇವರು ಕಲಿತದ್ದು ಬಾಯಲ್ಲಿ ಹೇಳಿಕೊಡುವ ವಿದ್ಯೆಯಲ್ಲ. ಗುರು ಮೊದಲು ಕುಣಿಯಬೇಕು, ಶಿಷ್ಯ ಅದನ್ನು ನೋಡಿ ಕುಣಿಯಬೇಕು. ನಲವತ್ತು ವರ್ಷ ಹಾಗೆಯೇ ಕಲಿಸಿದವರು.

ಐದನೆಯ ಸಲ ಎದ್ದರು. "ಬೆಲ್ಟು ನನಗೆ ಕಟ್ಟಿ," ಎಂದರು.

ಕಟ್ಟುತ್ತಿರುವಾಗ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಮರುದಿನ ಆ ಕುರ್ಚಿಯಲ್ಲಿ ಬೇರೆಯವರು ಇರುತ್ತಿದ್ದರು, ಅದು ನನಗೂ ಗೊತ್ತಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ. ಇವರು ಮೇಲಕ್ಕೆ ಹೋದರು. ಗಾಳಿಯಲ್ಲಿ ಒಂದು ಸುತ್ತು ತಿರುಗಿ, ನೆಲಕ್ಕೆ ನೋವಾಗಬಾರದು ಎಂಬಂತೆ ಇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗ ಬಂದು ಇವರ ಕಾಲಿಗೆ ಬಿದ್ದ. ಮುಂದಿನ ಸಲ ಸರಿಯಾಗಿ ಇಳಿದ.

ಕಾರಿನಲ್ಲಿ ಇವರ ತುಟಿ ಬಿಳಿಚಿಕೊಂಡಿತ್ತು. "ನೀನು ಹೇಳಲಿಲ್ಲವಲ್ಲ, ದೊಡ್ಡ ಉಪಕಾರ ಆಯ್ತು," ಎಂದರು. ಅದಾಗಿ ಒಂಬತ್ತನೆಯ ದಿನ ಚಹಾ ಕುಡಿಯುತ್ತಾ ಕೂತಲ್ಲೇ ಹೋದರು.

ಇವರು ಹಾರಿ ತೋರಿಸಿದಾಗ ನಾಯಕ ನಟ ಫೋನಿನಲ್ಲಿ ತೆಗೆದಿದ್ದ ವಿಡಿಯೋವನ್ನು ಆಮೇಲೆ ಮಗಳಿಗೆ ಕಳಿಸಿದ. ಅವಳು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾಳೆ. ಆ ಫೋನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ನಾನು ಅಡುಗೆಮನೆಯಲ್ಲಿ ಬಾಗಿಲ ಹಿಂದೆ ನಿಂತಿರುತ್ತೇನೆ. ವಿಡಿಯೋದ ಮೂಲೆಯಲ್ಲಿ ನಾನೂ ಇದ್ದೇನೆ.

ಇವತ್ತು ಬೆಳಿಗ್ಗೆ ಅವಳು ಒಬ್ಬಳೇ ಅದನ್ನು ನೋಡುತ್ತಿದ್ದಳು. ಹತ್ತಿರ ಹೋಗಿ ಕೂತೆ.

"ಅವರ ಹೃದಯ ಸರಿ ಇರಲಿಲ್ಲ. ಶೂಟಿಂಗಿಗೆ ಮೊದಲೇ ನನಗೆ ಗೊತ್ತಿತ್ತು."

ಅವಳು ವಿಡಿಯೋ ನಿಲ್ಲಿಸಿದಳು. ಇವರು ಇನ್ನೂ ನೆಲಕ್ಕೆ ಇಳಿದಿರಲಿಲ್ಲ. "ಪಪ್ಪನೇ ಹೇಳಬೇಡ ಅಂದರಾ?" ಎಂದಳು.

ಹೌದು ಎಂದುಬಿಟ್ಟಿದ್ದರೆ ನಾನು ಹಗುರಾಗುತ್ತಿದ್ದೆ.

"ಸುಮ್ಮನಿದ್ದದ್ದು ನಾನು," ಎಂದೆ.

ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟಳು. ಬಾಗಿಲನ್ನು ಮೆಲ್ಲಗೇ ಎಳೆದುಕೊಂಡಳು. ಈಗ ಅವಳು ಮನೆಗೆ ಬರುವ ಹೊತ್ತು. ಲಿಫ್ಟಿನ ಸದ್ದು ಕೇಳಿದಾಗಲೆಲ್ಲ ಬರೆಯುವುದನ್ನು ನಿಲ್ಲಿಸುತ್ತಿದ್ದೇನೆ.