ಆಯುಧಪೂಜೆಯ ದಿನ ಆಫ್ ಮಾಡಿದ ಸರ್ವರ್

ನಮ್ಮ ಭಾವ ಸಿದ್ದಲಿಂಗೇಶ್ ಸುಮ್ಮನೆ ಕೂರುವ ಆಸಾಮಿಯಲ್ಲ. ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ಅವರ ಕೆಲಸ. ಅಲ್ಲಿ ಹುಡುಗರು ಯಾವ ಕಂಪ್ಯೂಟರ್ ಮುಂದೆ ಕೂತು ತಮ್ಮ ಹೆಸರು, ಪಾಸ್‌ವರ್ಡ್ ಹಾಕಿದರೂ ತಮ್ಮದೇ ಫೈಲುಗಳು ತೆರೆದುಕೊಳ್ಳುತ್ತವೆ. ಆ ವೈಭೋಗ ಮನೆಗೂ ಬೇಕೆನಿಸಿತು ಅವರಿಗೆ. ಮೂಡಲಪಾಳ್ಯದ ಮನೆಯಲ್ಲಿ ಮೆಟ್ಟಿಲ ಕೆಳಗೆ, ಯುಪಿಎಸ್ ಪಕ್ಕದಲ್ಲಿ, ಹಳೇ ಸಿಪಿಯು ಒಂದನ್ನಿಟ್ಟು ಸರ್ವರ್ ಮಾಡಿದರು. ನನ್ನಕ್ಕ ಜಯದೇವಿಯ ಕಂಪ್ಯೂಟರ್, ಮಗಳು ಸ್ಪಂದನಳ ಲ್ಯಾಪ್‌ಟಾಪ್, ಮೇಲಿನ ಮನೆಯಲ್ಲಿರುವ ನನ್ನದು, ಎಲ್ಲವೂ ಆ ಸರ್ವರನ್ನು ಕೇಳಿಯೇ ನಮ್ಮನ್ನು ಒಳಗೆ ಬಿಡುತ್ತಿದ್ದವು. ಸರ್ವರಿಲ್ಲದೆ ಒಳಹೋಗುವ ಬೇರೆ ದಾರಿಗಳನ್ನೆಲ್ಲ ಭಾವ ತಾವೇ ಮುಚ್ಚಿದ್ದರು, ಭದ್ರತೆ ಅಂತ. "ಇರಲಾರ್ದೆ ಇರುವೆ ಬಿಟ್ಕೋತಾ ಇದೀರಾ" ಅಂತ ಅಕ್ಕ ಆಗಲೇ ಅಂದಿದ್ದಳು.

ಈ ಸಲದ ಆಯುಧಪೂಜೆಗೆ ಭಾವ ಆ ಸರ್ವರನ್ನು ಇದ್ದಲ್ಲೇ ಆಫ್ ಮಾಡಿ, ಒರೆಸಿ, ವಿಭೂತಿ ಬಳಿದು ಸೇವಂತಿಗೆ ಮುಡಿಸಿದರು. ಸ್ಕೂಟರ್, ಅಕ್ಕನ ಹೊಲಿಗೆ ಮಷೀನು, ಈಳಿಗೆಮಣೆಗಳ ಜೊತೆಗೆ ಅದಕ್ಕೂ ಮಂಗಳಾರತಿಯಾಯಿತು. ಪೂಜೆಗಿಟ್ಟದ್ದನ್ನು ಮರುದಿನ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಅದು ಭಾವನ ತಾಯಿ ಗಿರಿಜಾದೇವಿಯವರ ಕಟ್ಟಪ್ಪಣೆ. ಆದರೆ ಸಂಜೆ ಸ್ಪಂದನಳಿಗೆ ಕೆಲಸಕ್ಕಾಗಿ ಒಂದು ಆನ್‌ಲೈನ್ ಪರೀಕ್ಷೆ ಇತ್ತು. ಹೊರದೇಶದ ಕಂಪನಿ, ಅವರಿಗೆಲ್ಲಿಯ ಆಯುಧಪೂಜೆ. ಅದಕ್ಕೇ ಅವಳ ಲ್ಯಾಪ್‌ಟಾಪ್ ಒಂದನ್ನು ಪೂಜೆಗಿಟ್ಟಿರಲಿಲ್ಲ. ಭಾರೀ ಜಾಣರು ನಾವು.

ಪರೀಕ್ಷೆಗೆ ಇನ್ನೇನು ಅರ್ಧ ಗಂಟೆ ಇರುವಾಗ ಸ್ಪಂದನ ಹಾಲಿಗೆ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಅಪ್ಪ, ಲಾಗಿನ್ ಆಗ್ತಿಲ್ಲ. ಸರ್ವರ್ ಸಿಗ್ತಿಲ್ಲ ಅಂತಿದೆ."

ಪೂಜೆಗೆಂದು ಸರ್ವರ್ ಆಫ್ ಮಾಡಿದ್ದು ಆಗ ನೆನಪಾಗಿ ಭಾವ ಹಾಗೇ ಮೆಟ್ಟಿಲ ಮೇಲೆ ಕೂತರು. ಯಾರದಾದರೂ ಲ್ಯಾಪ್‌ಟಾಪ್ ಕೇಳಿ ತರೋಣವೆಂದರೆ ಪರೀಕ್ಷೆಗೆ ಅವಳದನ್ನೇ ನೋಂದಾಯಿಸಿಯಾಗಿತ್ತು, ಬೇರೆಯದು ನಡೆಯುವುದಿಲ್ಲ. ವರ್ಷದಿಂದ ಕೆಲಸ ಹುಡುಕಿ ಸುಸ್ತಾಗಿದ್ದ ಹುಡುಗಿಗೆ ಇಷ್ಟು ಹತ್ತಿರ ಬಂದ ಅವಕಾಶ ಇದೊಂದೇ.

"ನಾನು ಆನ್ ಮಾಡ್ಬಿಡ್ತೀನಿ, ಅಮ್ಮಂಗೆ ಹೇಳ್ಬೇಡಿ" ಅಂದರು ಭಾವ. ಅಂದರೇ ಹೊರತು ಕೈ ಮುಂದೆ ಹೋಗಲಿಲ್ಲ.

ಕಾರಣ ನಮಗೆಲ್ಲ ಗೊತ್ತು. ಭಾವನ ತಂದೆ ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಕೆಲಸದಲ್ಲಿದ್ದರು. ಒಂದು ವರ್ಷ ಅರ್ಜೆಂಟ್ ಆರ್ಡರ್ ಬಂತೆಂದು, ಪೂಜೆಯಾದ ಮಷೀನನ್ನು ಅದೇ ಸಂಜೆ ಓಡಿಸಿದರು. ಬಲಗೈಯ ಬೆರಳುಗಳು ಹೋದವು. ಅವರು ಇರುವಷ್ಟು ದಿನ ಅನ್ನ ಕಲಸಿ ತುತ್ತು ಕೊಟ್ಟವರು ಗಿರಿಜಾದೇವಿಯವರು. ಇದನ್ನು ಮೂಢನಂಬಿಕೆ ಅನ್ನುವ ಧೈರ್ಯ ನನಗಂತೂ ಇಲ್ಲ.

ಅಷ್ಟರಲ್ಲಿ ಅವರೇ ಬಂದರು. "ಏನ್ರೋ ಇಲ್ಲಿ ಗುಂಪು?"

ಭಾವ ತಡವರಿಸುತ್ತ ವಿಷಯ ಹೇಳಿದರು. ಅವರು ಪೂರ್ತಿ ಕೇಳಿಸಿಕೊಂಡು ಮೊಮ್ಮಗಳ ಕಡೆ ನೋಡಿದರು. ಅವಳು ಅಳುತ್ತಿದ್ದಳು. ಗಡಿಯಾರ ನೋಡಲು ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಕೊನೆಗೆ ಭಾವ ಎದ್ದು ಸರ್ವರಿನ ಕಡೆ ಬಗ್ಗಿದರು. ತಾಯಿ ಅವರ ತೋಳು ಹಿಡಿದು ಹಿಂದಕ್ಕೆಳೆದರು.

"ನೀನು ಮುಟ್ಬೇಡ. ದೂರ ನಿಂತ್ಕೊ. ಯಾವ ಬಟನ್ ಅಂತ ಹೇಳು."

"ನೀನ್ಯಾಕಮ್ಮ..."

"ಹೇಳು ಅಂದ್ನಲ್ಲ. ಏನಾದ್ರೂ ಆಗೋದಿದ್ರೆ ನನ್ ಕೈಗೇ ಆಗ್ಲಿ."

ಅದರ ಮುಂದೆ ಕೂತು ಹೂವನ್ನು ಪಕ್ಕಕ್ಕೆ ಸರಿಸಿ, ಭಾವ ಹೇಳಿದ ಬಟನ್ನನ್ನು ಕಣ್ಣು ಮುಚ್ಚಿ ಒತ್ತಿದರು. ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಕೋಣೆಯೊಳಗಿಂದ ಸ್ಪಂದನ "ಆಯ್ತು" ಅಂದು ಬಾಗಿಲು ಹಾಕಿಕೊಂಡಳು. ಅಕ್ಕ ನಿಟ್ಟುಸಿರುಬಿಟ್ಟು ಕಾಫಿಗಿಡಲು ಹೋದಳು. ಗಿರಿಜಾದೇವಿಯವರು ಮಾತ್ರ ಏಳಲಿಲ್ಲ. ಪರೀಕ್ಷೆ ಮುಗಿಯುವವರೆಗೂ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಮೆಟ್ಟಿಲ ಕೆಳಗೆ ಆ ಡಬ್ಬಿಯ ಮುಂದೆ ಕೂತೇ ಇದ್ದರು.