ಶನಿವಾರದ ಉಪವಾಸ ಮತ್ತು ಮಸಾಲೆದೋಸೆ

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಶನಿವಾರ ಬೆಳಿಗ್ಗೆ ಉಪವಾಸ. ಉಪವಾಸವೆಂದರೆ ಅನ್ನ ಮುಟ್ಟುವಂತಿಲ್ಲ, ತಿಂಡಿಗೆ ಅಡ್ಡಿಯಿಲ್ಲ. ಹಾಗಾಗಿ ಅಪ್ಪ ಮನೆಮಂದಿಯನ್ನೆಲ್ಲ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ, ಇಡ್ಲಿ, ಉದ್ದಿನವಡೆಯಿಂದ ಹಿಡಿದು ಮಸಾಲೆದೋಸೆ, ಕಾಫಿಯವರೆಗೆ ಶ್ರದ್ಧೆಯಿಂದ ಉಪವಾಸ ಮಾಡಿಸುತ್ತಿದ್ದರು.

ತೊಂಬತ್ತರ ದಶಕದ ನಡುವೆ ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದವನೇ, ಇಂಥ ವ್ರತಗಳಲ್ಲಿ ನನಗೆ ನಂಬಿಕೆಯಿಲ್ಲ ಎಂದು ಘೋಷಿಸಿದೆ. ದೋಸೆಯಲ್ಲಿರುವುದೂ ಅಕ್ಕಿಯೇ ಎಂದು ವಿವರಿಸಿದೆ. ಅಪ್ಪ ಜಗಳವಾಡಲಿಲ್ಲ.

"ಸರಿ ಕಣೋ, ನಂಬಿಕೆ ಇಲ್ದೋನು ಉಪವಾಸ ಯಾಕ್ ಮಾಡ್ಬೇಕು? ರಾತ್ರಿ ಅನ್ನ ಮಿಕ್ಕಿದೆ, ಮೊಸರು ಕಲಸ್ಕೊಂಡು ತಿನ್ನು. ನಾವು ಹೋಟ್ಲಿಗೆ ಹೋಗ್ಬರ್ತೀವಿ."

ತತ್ವಕ್ಕಾಗಿ ತಂಗಳನ್ನ ತಿಂದೆ. ಅವರು ಮರಳಿದಾಗ ತಂಗಿಯ ಕೈ ಇನ್ನೂ ಸಾಗುವಿನ ವಾಸನೆ ಬೀರುತ್ತಿತ್ತು. ಹೀಗೆ ಮೂರು ಶನಿವಾರ ತಡೆದುಕೊಂಡೆ ಎಂದು ನನ್ನ ನೆನಪು. ಒಂದೇ ವಾರ ಎನ್ನುತ್ತಾಳೆ ತಂಗಿ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ, ಎರಡು ಎಂದಿಟ್ಟುಕೊಳ್ಳೋಣ.

ಅದರ ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತೆ. ಹೋಟೆಲಿನಲ್ಲಿ ನನ್ನನ್ನು ಕಂಡ ಸಪ್ಲೈಯರ್ ಅಪ್ಪನನ್ನು ಕೇಳಿದ:

"ಏನ್ ಸಾ, ಮಗರಾಯ್ರು ಉಪ್ವಾಸ ಬುಟ್ಬುಟ್ರು ಅಂತಿದ್ರಿ?"

ಅಪ್ಪ ನನ್ನ ಮುಖ ನೋಡಿದರು. "ಮತ್ತೆ ಹಿಡ್ಕೊಂಡಿದಾನೆ. ನಮಗಿಂತ ನಿಷ್ಠೆ ಜಾಸ್ತಿ ಅವನಿಗೆ, ಎರಡು ದೋಸೆ ಕೊಡು."

ನಾನು ಎರಡನೆಯ ದೋಸೆಗೆ ಚಟ್ನಿ ಸಾಲದೆ ಮತ್ತೊಮ್ಮೆ ಹಾಕಿಸಿಕೊಂಡೆ.