ಕುಡಿಯಿಲ್ಲದ ಟೊಮೇಟೊ ಗಿಡ

ನಮ್ಮ ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಫೋನಿನಲ್ಲಿ ಮಾತಾಡುವಾಗ ಕೈ ಸುಮ್ಮನಿರುವುದಿಲ್ಲ. ರಾಜಾಜಿನಗರದ ಈ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ತಾರಸಿಯ ಮೇಲೆ ಮಾತ್ರ. ಹಾಗಾಗಿ ಬೆಳಿಗ್ಗೆ ಸಂಜೆ ಅಲ್ಲೇ ಶತಪಥ ಹಾಕುತ್ತಾ ಸೈಟು, ಖಾತೆ, ಬ್ರೋಕರು ಎಂದು ಮಾತಾಡುತ್ತಾರೆ. ಒಂದು ಕೈ ಕಿವಿಯ ಹತ್ತಿರ, ಇನ್ನೊಂದು ನನ್ನ ಕುಂಡಗಳ ಮೇಲೆ. ತುಳಸಿ, ಮಲ್ಲಿಗೆ, ಕರಿಬೇವು, ಯಾವುದಕ್ಕೂ ಭೇದವಿಲ್ಲ. ಕುಡಿ ಚಿವುಟಿ, ಬೆರಳಲ್ಲಿ ಉಂಡೆ ಮಾಡಿ, ಎಸೆದು ಮುಂದಕ್ಕೆ ಹೋಗುತ್ತಾರೆ.

ನನ್ನ ಟೊಮೇಟೊ ಸಸಿಗಳಿಗೂ ಅದೇ ಗತಿಯಾಯಿತು. ಅವು ಅಂಗಡಿಯ ಬೀಜದವಲ್ಲ. ಬ್ಯಾಡರಹಳ್ಳಿಯಲ್ಲಿ ಅಮ್ಮನ ಹಿತ್ತಲಲ್ಲಿ ಬೆಳೆಯುತ್ತಿದ್ದ, ಸಾರಿಗೆ ಹುಣಸೆಹಣ್ಣೇ ಬೇಡವೆನ್ನಿಸುವಂಥ ನಾಟಿ ಟೊಮೇಟೊ. ಆ ಹಿತ್ತಲು ಈಗ ಯಾರದೋ ಪಾರ್ಕಿಂಗ್ ಆಗಿದೆ. ಅಮ್ಮನೂ ಇಲ್ಲ. ಬೂದಿಯಲ್ಲಿ ಬೆರೆಸಿ ಅವಳು ಡಬ್ಬಿಯಲ್ಲಿಟ್ಟಿದ್ದ ಕೊನೆಯ ಬೀಜಗಳು ಹಳೆಯವಾಗಿ ಕೆಟ್ಟುಹೋದಾವು ಎಂಬ ಭಯಕ್ಕೆ ಒಂದನ್ನೂ ಉಳಿಸದೆ ಬಿತ್ತಿಬಿಟ್ಟಿದ್ದೆ. ಹುಟ್ಟಿದ್ದು ಬೆರಳೆಣಿಕೆಯಷ್ಟು. ಒಂದು ಭಾನುವಾರ ಬಟ್ಟೆ ಒಣಗಿಹಾಕಲು ಹೋಗಿ ನೋಡಿದರೆ ಒಂದಕ್ಕೂ ತಲೆಯಿಲ್ಲ.

ಭಾವನನ್ನು ಕೇಳಿದೆ. "ಚಿವುಟಿದ್ರೆ ಚೆನ್ನಾಗಿ ಕವಲೊಡೆಯುತ್ತೆ ಬಿಡಮ್ಮ," ಎಂದರು. ಕವಲೊಡೆಯಲು ಅಷ್ಟು ಎಳೆಯ ಸಸಿಯಲ್ಲಿ ಇವರು ಏನು ಬಿಟ್ಟಿದ್ದರು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಓರಗಿತ್ತಿ, "ಟೊಮೇಟೊ ಏನು ಅಂಗಡೀಲಿ ಸಿಗಲ್ವೇನೇ?" ಎಂದರು. ನನ್ನ ಗಂಡ, "ದೊಡ್ಡೋರು, ಏನಂತ ಹೇಳೋದು," ಎಂದು ಟಿವಿ ಕಡೆ ತಿರುಗಿದರು. ನನಗೆ ಮೈಯೆಲ್ಲ ಉರಿಯಿತು. ಒಬ್ಬರ ಬಾಯಲ್ಲೂ ತಪ್ಪಾಯಿತು ಅನ್ನುವ ಮಾತಿಲ್ಲ.

ಸಸಿಗಳು ಒಂದೊಂದಾಗಿ ಒಣಗಿದವು. ಒಂದು ಮಾತ್ರ ಒಂದೇ ಎಲೆಯಿಟ್ಟುಕೊಂಡು ನಿಂತಿತು. ಎತ್ತರಕ್ಕೆ ಹೋಗಲು ಕುಡಿಯಿಲ್ಲ, ಸಾಯಲು ಮನಸ್ಸಿಲ್ಲ. ಬೇರು ಮೇಲಕ್ಕೆ ಕಳಿಸಿದ್ದನ್ನೆಲ್ಲ ಆ ಒಂದು ಎಲೆಯೇ ನುಂಗಿತು. ಅದು ನನ್ನ ಅಂಗೈಗಿಂತ ಅಗಲವಾಯಿತು, ಚಪ್ಪಲಿ ತೊಗಲಿನಷ್ಟು ದಪ್ಪವಾಯಿತು, ಕಪ್ಪು ಹಸಿರಾಗಿ ಕೆಳಕ್ಕೆ ಮುದುರಿತು. ಪಕ್ಕದ ಮನೆಯವರು ಗೋಡೆಯಾಚೆಯಿಂದ ನೋಡಿ, "ಆಂಟಿ, ಅದಕ್ಕೆ ವೈರಸ್ ಬಂದಿದೆ, ಕಿತ್ತಾಕಿ," ಎಂದರು. ಕೀಳಲಿಲ್ಲ. ಅವರ ಮೇಲೂ ಸಿಟ್ಟು ಬಂತು.

ವಾರಗಳು ಕಳೆದ ಮೇಲೆ ಆ ಎಲೆಯ ನಡುನರದ ಮೇಲೆ ಹಸಿರು ಗುಳ್ಳೆಯಂಥದ್ದು ಕಾಣಿಸಿತು. ರೋಗವೇ ಇರಬೇಕೆಂದುಕೊಂಡೆ. ಆಮೇಲೆ ಅದು ಬಿಚ್ಚಿಕೊಂಡಿತು: ಪುಟ್ಟ ಕುಡಿ. ಎಲೆಯ ಬೆನ್ನಿನಿಂದ ಗಿಡ ಹುಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬೆರಳಿಗೆ ಉಜ್ಜಿ ಮೂಸಿದರೆ ಅಮ್ಮನ ಹಿತ್ತಲಿನ ಅದೇ ಘಾಟು. ಅಲ್ಲೇ ಕೂತು ಅತ್ತೆ.

ಮಾರನೆಯ ಸಂಜೆ ಬಟ್ಟೆ ತರಲು ಮೇಲೆ ಹೋದಾಗ ಭಾವ ಫೋನಿನಲ್ಲಿದ್ದರು. ಅವರ ಬೆರಳು ಆ ಕುಡಿಯ ಕಡೆಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನಿಗೆ ಕಾಫಿ ಲೋಟವನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ, ಟೀಪಾಯಿಯ ಮೇಲಿಟ್ಟು ಸರಿಯುತ್ತಾಳೆ. ನಾನು ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ.

"ಒಂದ್ನಿಮಿಷ," ಎಂದು ಫೋನಿಗೆ ಹೇಳಿ ಅವರು ನನ್ನ ಮುಖ ನೋಡಿದರು.

"ಮುಟ್ಟಬೇಡಿ ಭಾವ. ನಮ್ಮಮ್ಮಂದು ಅಂತ ಇರೋದು ಇದೊಂದೇ."

ಕೈ ಎಳೆದುಕೊಳ್ಳಲು ನೋಡಿದರು. ಅವರು ಹೂಂ ಅನ್ನುವ ತನಕ ನಾನು ಬಿಡಲಿಲ್ಲ.